‘ಟ್ರಯಲ್’ ಚಿತ್ರ ಕೇಳಿದರೆ ಹುಷಾರು: ಪತ್ರಿಕೆಗಳಿಗೆ ಚಿತ್ರ ಬರೆಯಲು ಹೊರಟಿರುವವರಿಗೆ

ಪತ್ರಿಕೆಗಳಿಗೆ ಹೊಸದಾಗಿ ಚಿತ್ರ ಬರೆಯುವವರು ಮತ್ತೆ ಮತ್ತೆ ಒಂದೇ ಹಳ್ಳಕ್ಕೆ ಬೀಳುತ್ತಿದ್ದಾರೆ. ಪುರವಣಿ ಡೆಸ್ಕಿನಿಂದ ಮೆಸೇಜು ಬರುತ್ತದೆ: ‘ನಿಮ್ಮ ಕೆಲಸ ಇಷ್ಟವಾಯಿತು. ಈ ಲೇಖನಕ್ಕೊಂದು ಚಿತ್ರ ಮಾಡಿಕೊಡಿ, ಟ್ರಯಲ್ ಅಂತ ಇಟ್ಟುಕೊಳ್ಳೋಣ. ನಾಳೆ ಸಂಜೆಯೊಳಗೆ ಬೇಕು.’ ಕಲಾವಿದರು ರಾತ್ರಿಯಿಡೀ ಕೂತು ಮುಗಿಸಿ, ಪೂರ್ತಿ ಗಾತ್ರದ ಫೈಲನ್ನು ಲೇಯರ್ (ಗೆರೆ, ಬಣ್ಣ, ಹಿನ್ನೆಲೆಗಳನ್ನು ಬಿಡಿಬಿಡಿಯಾಗಿ ತಿದ್ದಬಹುದಾದ ಪದರ) ಸಮೇತ ಕಳಿಸಿಬಿಡುತ್ತಾರೆ. ಆಮೇಲೆ ಆ ಕಡೆಯಿಂದ ಸದ್ದಿಲ್ಲ. ವಾರದ ಕೊನೆಗೆ ಚಿತ್ರ ಅಚ್ಚಾಗಿರುತ್ತದೆ: ಹೆಸರಿಲ್ಲ, ಹಿನ್ನೆಲೆಯ ಬಣ್ಣ ಬೇರೆ, ಮೂಲೆಯಲ್ಲಿದ್ದ ಸಹಿ ಕತ್ತರಿಗೆ ಹೋಗಿದೆ. ಸಂಭಾವನೆ ಕೇಳಿದರೆ ‘ಅದು ಟ್ರಯಲ್ ಆಗಿತ್ತಲ್ಲ’ ಅನ್ನುತ್ತಾರೆ. ಕೆಲವು ತಿಂಗಳ ನಂತರ ಅದೇ ಚಿತ್ರ ಇನ್ಯಾವುದೋ ಲೇಖನದ ಜೊತೆ ವೆಬ್‌ಸೈಟಿನಲ್ಲಿ ಕಾಣಿಸಿಕೊಳ್ಳುತ್ತದೆ.

ನಿಜವಾದ ಪರೀಕ್ಷೆಯನ್ನು ಗುರುತಿಸುವುದು ಕಷ್ಟವಲ್ಲ. ಅದನ್ನು ಆಗಲೇ ಪ್ರಕಟವಾಗಿರುವ ಲೇಖನದ ಮೇಲೆ ಮಾಡಿಸುತ್ತಾರೆ, ರಫ್ ಸ್ಕೆಚ್ ನೋಡಿ ತೀರ್ಮಾನ ಹೇಳುತ್ತಾರೆ. ನಾಳೆಯ ಪುಟಕ್ಕೆ ಬೇಕಾದ ಚಿತ್ರ ಪರೀಕ್ಷೆಯಲ್ಲ, ಕೆಲಸ. ಅದಕ್ಕೆ ದುಡ್ಡು ಕೊಡಬೇಕು.

ಪೆನ್ಸಿಲ್ ಹಿಡಿಯುವ ಮೊದಲು ಒಂದು ಇಮೇಲ್ ಕಳಿಸಿ. ಚಿತ್ರ ಎಷ್ಟು ಕಾಲಂ ಅಗಲ, ಎಷ್ಟು ಸೆಂಟಿಮೀಟರ್ ಎತ್ತರ, ಕಪ್ಪು-ಬಿಳುಪೋ ಬಣ್ಣವೋ, ಯಾವ ಹೊತ್ತಿಗೆ ಬೇಕು, ಎಷ್ಟು ರಫ್, ಎಷ್ಟು ಸಲ ತಿದ್ದುಪಡಿ, ಸಂಭಾವನೆ ಎಷ್ಟು, ಯಾವಾಗ ಬರುತ್ತದೆ, ಹೆಸರು ಎಲ್ಲಿ ಹಾಕುತ್ತಾರೆ ಎಲ್ಲವನ್ನೂ ಬರೆಯಿರಿ. ಲೇಖನವನ್ನೇ ಕೈಬಿಟ್ಟರೆ ಎಷ್ಟು ಕೊಡುತ್ತಾರೆ ಅನ್ನುವುದೂ ಅದರಲ್ಲಿರಲಿ. ಪತ್ರಿಕೆಯಲ್ಲಿ ಕೊನೆ ಗಳಿಗೆಯಲ್ಲಿ ಜಾಹೀರಾತು ಬಂದು ಲೇಖನ ಹಾರಿಹೋಗುವುದು ಮಾಮೂಲು. ಫೋನಿನಲ್ಲಿ ಒಪ್ಪಿದ್ದರೆ ‘ನಾವು ಮಾತಾಡಿದ್ದು ಹೀಗೆ’ ಎಂದು ಇಮೇಲಿನಲ್ಲಿ ಬರೆದು ‘ಸರಿ’ ಅನ್ನಿಸಿಕೊಳ್ಳಿ. ಎರಡೋ ಮೂರೋ ರಫ್‌ಗಳನ್ನು 800 ಪಿಕ್ಸೆಲ್ ಅಗಲದಲ್ಲಷ್ಟೇ ಕಳಿಸಿ. ಅಷ್ಟು ಚಿಕ್ಕದು ದೊಡ್ಡದಾಗಿ ಅಚ್ಚು ಹಾಕಲು ಒಗ್ಗುವುದಿಲ್ಲ. ಷರತ್ತಿಗೆ ಒಪ್ಪಿಗೆ ಬಂದ ಮೇಲೆಯೇ ಅಂತಿಮ ಚಿತ್ರ, ಅದೂ ಲೇಯರ್‌ಗಳನ್ನು ಒಂದಾಗಿಸಿ. ಸಹಿಯನ್ನು ಮೂಲೆಗೆ ಹಾಕಬೇಡಿ. ಪುಟ ಕಟ್ಟುವವರು ಜಾಗ ಸಾಲದಿದ್ದರೆ ಮೊದಲು ಕತ್ತರಿಸುವುದು ಅಂಚನ್ನೇ. ಮುಖ್ಯ ಆಕೃತಿಗೆ ಅಂಟಿಕೊಂಡಂತೆ, ಬಟ್ಟೆಯ ಮಡಿಕೆಯಲ್ಲೋ ಕುರ್ಚಿಯ ಕಾಲಿನ ಪಕ್ಕದಲ್ಲೋ ಬರೆಯಿರಿ.

ಒಪ್ಪಂದದಲ್ಲಿ ‘ಎಲ್ಲ ಮಾಧ್ಯಮಗಳಲ್ಲಿ, ಎಂದೆಂದಿಗೂ’ ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಿ. 2001ರಲ್ಲಿ ನ್ಯೂಯಾರ್ಕ್ ಟೈಮ್ಸ್ ವಿರುದ್ಧ ತಾಸಿನಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಫ್ರೀಲಾನ್ಸ್ ಬರಹಗಾರರ ಲೇಖನಗಳನ್ನು ಅನುಮತಿಯಿಲ್ಲದೆ ಎಲೆಕ್ಟ್ರಾನಿಕ್ ದತ್ತಸಂಚಯಕ್ಕೆ ಸೇರಿಸಿದ್ದು ತಪ್ಪೆಂದು ಹೇಳಿತು. ಅಂಥ ತಕರಾರು ಬರದಂತೆ ಮೊದಲೇ ಎಲ್ಲ ಹಕ್ಕನ್ನೂ ಬರೆಸಿಕೊಳ್ಳಲು ಈ ಸಾಲು. ಒಂದು ಸಲದ ಮುದ್ರಣ, ಅದೇ ಲೇಖನದ ಜೊತೆ ವೆಬ್ ಬಳಕೆ: ಇಷ್ಟು ಕೊಟ್ಟರೆ ಸಾಕು. ಉಳಿದದ್ದಕ್ಕೆ ಬೇರೆ ದರ.

ಇನ್ನೊಂದು ಸಾಲು ಇದಕ್ಕಿಂತ ಅಪಾಯ: ಚಿತ್ರದ ಬಗ್ಗೆ ಕೇಸು ಬಿದ್ದರೆ ಖರ್ಚೆಲ್ಲ ಕಲಾವಿದರದ್ದು. ಅವಸರದಲ್ಲಿ ಅಂತರ್ಜಾಲದ ಫೋಟೊ ಇಟ್ಟುಕೊಂಡು ಮುಖ ನಕಲು ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. 2008ರ ಒಬಾಮ ‘ಹೋಪ್’ ಪೋಸ್ಟರ್‌ನ ಕಲಾವಿದ ಶೆಪರ್ಡ್ ಫೇರಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಫೋಟೊ ಬಳಸಿದ್ದಕ್ಕೆ ಹುಟ್ಟಿದ ವ್ಯಾಜ್ಯ 2011ರಲ್ಲಿ ರಾಜಿಯಾಗುವವರೆಗೆ ನಡೆಯಿತು. ಅಷ್ಟು ಹೆಸರಿದ್ದವರಿಗೇ ಹೀಗಾದರೆ ಹೊಸಬರು ಎಲ್ಲಿಗೆ ಹೋಗಬೇಕು? ಬೇರೆ ಬೇರೆ ಕೋನದ ಹಲವು ಫೋಟೊ ನೋಡಿ, ನಿಮ್ಮದೇ ಭಂಗಿ ಕಟ್ಟಿ.

ಇನ್ನು ಅಚ್ಚಿನ ವಿಷಯ. ಎರಡನೇ ಕೆಲಸ ಕೈತಪ್ಪಲು ಇದೂ ಒಂದು ಕಾರಣ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನ್ಯೂಸ್‌ಪ್ರಿಂಟ್ ಶಾಯಿಯನ್ನು ಹೀರುತ್ತದೆ, ಚಿತ್ರ ಮೂಡಿಸುವ ಶಾಯಿಯ ಚುಕ್ಕಿಗಳು ಹರಡುತ್ತವೆ. ನೀವು ಶೇ 50 ಎಂದು ಹಾಕಿದ ಬೂದು ಕಾಗದದ ಮೇಲೆ ಹೆಚ್ಚೂಕಡಿಮೆ ಶೇ 75ರಷ್ಟು ಕಪ್ಪಾಗಿ ಬೀಳುತ್ತದೆ. ಸಂಜೆಯ ದೃಶ್ಯ ನಡುರಾತ್ರಿಯಾಗುತ್ತದೆ. ಮಧ್ಯದ ಛಾಯೆಗಳನ್ನು ಧಾರಾಳವಾಗಿ ತಿಳಿ ಮಾಡಿ. ಸಯಾನ್ (ತಿಳಿನೀಲಿ), ಮಜೆಂಟಾ (ನೇರಳೆಗೆಂಪು), ಹಳದಿ, ಕಪ್ಪು ಈ ನಾಲ್ಕೂ ಶಾಯಿಗಳ ಶೇಕಡಾ ಪ್ರಮಾಣ ಕೂಡಿದರೆ 240 ದಾಟದಿರಲಿ, ಇಲ್ಲವಾದರೆ ಶಾಯಿ ಎದುರು ಪುಟಕ್ಕೆ ಅಂಟುತ್ತದೆ.

ಕಪ್ಪು ಗೆರೆಯಲ್ಲಿ ಎಡವುವವರೇ ಹೆಚ್ಚು. ಆರ್‌ಜಿಬಿಯಲ್ಲಿ (ಪರದೆಯ ಕೆಂಪು, ಹಸಿರು, ನೀಲಿ ಬಣ್ಣಪದ್ಧತಿ) ಬರೆದ ಕಪ್ಪನ್ನು ಫೋಟೊಶಾಪ್‌ನ ಅಮೆರಿಕನ್ ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿಗಳ ಪದ್ಧತಿ) ಬದಲಿಸಿದರೆ ಅದು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗಿ ಒಡೆಯುತ್ತದೆ, ಒಟ್ಟು 300. ಒಂದೊಂದು ಶಾಯಿಗೆ ಒಂದೊಂದರಂತೆ ಇರುವ ಅಚ್ಚಿನ ಪ್ಲೇಟುಗಳು ಕೂದಲೆಳೆಯಷ್ಟು ಜರುಗಿದರೂ ಸಾಕು, ಮುಖದ ಕಣ್ಣೆವೆಯ ಪಕ್ಕದಲ್ಲಿ ಕೆಂಪು, ನೀಲಿ ನೆರಳು ಮೂಡಿ ಪಾತ್ರ ಅತ್ತಂತೆ ಕಾಣುತ್ತದೆ. ಬರೆಯುವಾಗ ಗೆರೆಗಳನ್ನು ಬೇರೆ ಲೇಯರ್‌ನಲ್ಲಿಟ್ಟು, ಕಪ್ಪು ಶಾಯಿ 100, ಉಳಿದ ಮೂರೂ ಸೊನ್ನೆ ಮಾಡಿ, ಕಳಿಸುವಾಗಷ್ಟೇ ಲೇಯರ್ ಒಂದಾಗಿಸಿ. ಗೆರೆ ಅರ್ಧ ಪಾಯಿಂಟಿಗಿಂತ (ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ) ತೆಳ್ಳಗಿರಬಾರದು. ಗಾಢ ಬಣ್ಣದ ಮೇಲೆ ಬಿಳಿ ಗೆರೆಯಾದರೆ ಒಂದು ಪಾಯಿಂಟಾದರೂ ಬೇಕು. ಬಣ್ಣದ ಚಿತ್ರ ಅಚ್ಚಾಗುವ ಗಾತ್ರದಲ್ಲೇ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಬರೀ ಗೆರೆಚಿತ್ರ 1200 ಡಿಪಿಐ ಇರಲಿ. ಪತ್ರಿಕೆಯ ಕಲರ್ ಪ್ರೊಫೈಲ್ ಫೈಲನ್ನು (ಅವರ ಕಾಗದ, ಶಾಯಿಯಲ್ಲಿ ಬಣ್ಣ ಹೇಗೆ ಬೀಳುತ್ತದೆಂದು ಸಾಫ್ಟ್‌ವೇರಿಗೆ ತಿಳಿಸುವ ಫೈಲು) ಮೊದಲೇ ಕೇಳಿ ಪಡೆಯಿರಿ. ಅದನ್ನು ಕೇಳುವ ಹೊಸಬರನ್ನು ಕಲಾ ವಿಭಾಗ ನೆನಪಿಟ್ಟುಕೊಳ್ಳುತ್ತದೆ.

ಆಗಲೇ ಚಿತ್ರ ಪುಕ್ಕಟೆ ಅಚ್ಚಾಗಿದ್ದರೆ ಜಗಳಕ್ಕೆ ಇಳಿಯುವ ಮೊದಲು ತಾರೀಕು ಕಾಣುವಂತೆ ಇಡೀ ಪುಟದ ಫೋಟೊ ತೆಗೆಯಿರಿ, ವೆಬ್ ವಿಳಾಸ ಸಮೇತ ಸ್ಕ್ರೀನ್‌ಶಾಟ್ ಇಡಿ, ರಫ್ ಕಳಿಸಿದ ಇಮೇಲುಗಳನ್ನು ಜೋಡಿಸಿ. ನಂತರ ಬಿಲ್ ಬರೆದು ಪುರವಣಿ ಸಂಪಾದಕರಿಗೂ ಲೆಕ್ಕಪತ್ರ ವಿಭಾಗಕ್ಕೂ ಒಟ್ಟಿಗೇ ಕಳಿಸಿ, ಪಾವತಿಗೆ ಗಡುವು ನಮೂದಿಸಿ. ಒಬ್ಬರಿಗೇ ಕಳಿಸಿದ ಬಿಲ್ಲು ಅವರ ಇನ್‌ಬಾಕ್ಸಿನಲ್ಲೇ ಕೊಳೆಯುತ್ತದೆ.