ಎಟಿಎಫ್: ಬೇರೆಯೇ ಇರಲಾ, ಡಿಇಎ ಜೊತೆ ಸೇರಲಾ, ಮುಚ್ಚಿಹೋಗಲಾ?

ಎಟಿಎಫ್ ಬೇರೆಯಾಗಿ ಇರುವುದು, ಡಿಇಎ ಜೊತೆ ಸೇರುವುದು, ಮುಚ್ಚಿಹೋಗುವುದು: ಅಮೆರಿಕದಲ್ಲಿ ಬಂದೂಕು ಹಕ್ಕಿನ ಪರ ಇರುವವರಿಗೆ ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಎಟಿಎಫ್ ಅಂದರೆ ಬಂದೂಕು ಕಾನೂನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ, ಡಿಇಎ ಅಂದರೆ ಡ್ರಗ್ಸ್ ತಡೆಯುವ ಸಂಸ್ಥೆ. ಎರಡನ್ನೂ ಸೇರಿಸುವ ಯೋಚನೆ 2025ರಲ್ಲಿ ನ್ಯಾಯ ಇಲಾಖೆಯಿಂದಲೇ ಬಂತು.

ಖರ್ಚಿನ ಲೆಕ್ಕದಲ್ಲಿ ವಿಲೀನ ಚೆನ್ನಾಗಿ ಕಾಣುತ್ತದೆ. ಅಷ್ಟೇ.

ಬಲದ ಲೆಕ್ಕ ಬೇರೆ. ಎಟಿಎಫ್ ಚಿಕ್ಕದು, ಬೈಸಿಕೊಂಡೇ ಬೆಳೆದದ್ದು. ಡಿಇಎ ಅದಕ್ಕಿಂತ ದೊಡ್ಡದು. 1980ರ ದಶಕದ ಆರಂಭದಲ್ಲಿ ರೇಗನ್ ಸರ್ಕಾರ ಎಟಿಎಫ್ ಕೆಲಸವನ್ನು ಅಧ್ಯಕ್ಷರಿಗೆ ಭದ್ರತೆ ಕೊಡುವ ಸೀಕ್ರೆಟ್ ಸರ್ವಿಸ್‌ಗೆ ಕೊಡಲು ಹೊರಟಾಗ ಬಂದೂಕು ಹಕ್ಕಿನ ದೊಡ್ಡ ಸಂಘಟನೆ ಎನ್‌ಆರ್‌ಎ ಕೊನೆಗೆ ಬೇಡ ಅಂದಿತು. ಬಲವಾದ ಎದುರಾಳಿ ಯಾರಿಗೆ ಬೇಕು, ಅಲ್ವಾ?

ದಾಖಲೆಗಳ ಚಿಂತೆಯೂ ಇದೆ. ಮುಚ್ಚಿದ ಬಂದೂಕಿನಂಗಡಿಗಳ ಕಾಗದಗಳೆಲ್ಲ ವೆಸ್ಟ್ ವರ್ಜೀನಿಯಾದ ಎಟಿಎಫ್ ಕೇಂದ್ರಕ್ಕೆ ಹೋಗುತ್ತವೆ. ಸ್ಕ್ಯಾನ್ ಆದರೂ ಖರೀದಿದಾರರ ಹೆಸರು ಹಾಕಿ ಹುಡುಕುವಂತಿಲ್ಲ. 1986ರ ಕಾನೂನು ಬಂದೂಕು ಮಾಲೀಕರ ಹೊಸ ಕೇಂದ್ರ ನೋಂದಣಿಯನ್ನು ತಡೆದಿದೆ. ದೊಡ್ಡ ಸಂಸ್ಥೆಯ ಕೈಗೆ ಹೋದರೆ ಈ ಬೇಲಿ ಉಳಿಯುತ್ತಾ ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ.

ಎಟಿಎಫ್ ಮುಚ್ಚಿದರೂ 1934 ಮತ್ತು 1968ರ ಬಂದೂಕು ಕಾನೂನುಗಳು ಹಾಗೇ ಇರುತ್ತವೆ. ಜಾರಿ ಇನ್ನೊಬ್ಬರ ಪಾಲಿಗೆ. ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಕಾನೂನು ಬದಲಿಸುವಷ್ಟು ಮತ ಇದ್ದರೆ ಮುಚ್ಚಿಸಿ. ಇಲ್ಲದಿದ್ದರೆ ಬೇರೆಯಾಗಿಯೇ ಇರಲಿ. ಡ್ರಗ್ಸ್ ಗ್ಯಾಂಗುಗಳ ಬಂದೂಕೇ ನಿಮ್ಮ ಮುಖ್ಯ ಚಿಂತೆಯಾದರೆ ಮಾತ್ರ ವಿಲೀನದ ಕಡೆ ನೋಡಿ.