ರಜೆ ಆ್ಯಪ್‌ಗೆ ಎರಡು ಸ್ಟಾರ್, ರಜೆಗೆ ಐದು

ನಮ್ಮ ಆಫೀಸಿನಲ್ಲಿ ರಜೆ ಹಾಕಲು ಒಂದು ಆ್ಯಪ್ ಇದೆ. ಹೆಸರು ಬರೆಯುವುದಿಲ್ಲ, ನನಗೆ ಕೆಲಸ ಬೇಕಲ್ಲ! ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಕಡೆ ಆಫೀಸು ಕೆಲಸದಲ್ಲಿರುವವರು ಇಂಥದ್ದೊಂದನ್ನು ಬಳಸಿಯೇ ಇರುತ್ತೀರಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಫೋನಿನಲ್ಲಿ ಬೇಗ ತೆರೆದುಕೊಳ್ಳುತ್ತದೆ. ಎಷ್ಟು ರಜೆ ಉಳಿದಿದೆ ಅಂತ ಮೊದಲ ಪುಟದಲ್ಲೇ ದಪ್ಪಗೆ ತೋರಿಸುತ್ತದೆ. ಮ್ಯಾನೇಜರ್ ಒಪ್ಪಿದ ತಕ್ಷಣ ಟಣ್ ಅಂತ ಮೆಸೇಜ್ ಬರುತ್ತದೆ. ಅಷ್ಟೇ, ಒಳ್ಳೆಯದು ಮುಗಿಯಿತು.

ತಕರಾರು ಬಂದಿದ್ದು 2025ರ ಜೂನ್ 19ಕ್ಕೆ. ಅದು ಜೂನ್‌ಟೀನ್ತ್. ಟೆಕ್ಸಾಸ್‌ನಲ್ಲಿ ಗುಲಾಮರ ಬಿಡುಗಡೆ ಸಾರಿದ ದಿನ. ಜೂನ್, ನೈನ್‌ಟೀನ್ತ್ ಎರಡೂ ಬಾಯಲ್ಲಿ ಕೂಡಿಕೊಂಡು ಆದ ಹೆಸರು. 2021ರಲ್ಲಿ ಆಗಿನ ಅಧ್ಯಕ್ಷ ಬೈಡನ್ ಸಹಿ ಹಾಕಿದ ಮೇಲೆ ಅದು ಕೇಂದ್ರ ಸರ್ಕಾರದ ರಜೆ. ಅಂಚೆ ಕಚೇರಿಗೆ ರಜೆ, ಬ್ಯಾಂಕಿಗೆ ರಜೆ. ಆದರೆ ಖಾಸಗಿ ಕಂಪನಿ ರಜೆ ಕೊಡಲೇಬೇಕು ಅಂತ ಕೇಂದ್ರದ ಕಾನೂನು ಹೇಳುವುದಿಲ್ಲ. ನಮ್ಮಲ್ಲಿ ಅದು ಫ್ಲೋಟಿಂಗ್ ಹಾಲಿಡೇ, ಅಂದರೆ ಬೇಕಾದ ಹಬ್ಬಕ್ಕೆ ನಾವೇ ಆರಿಸಿಕೊಳ್ಳುವ ಸಂಬಳದ ರಜೆ. ಅಪ್ಪ ಸರ್ಕಾರಿ ಕೆಲಸದಲ್ಲಿದ್ದಾಗ ಆರ್‌ಎಚ್ (ರಿಸ್ಟ್ರಿಕ್ಟೆಡ್ ಹಾಲಿಡೇ) ಅಂತ ಹಾಕುತ್ತಿದ್ದರಲ್ಲ, ಹೆಚ್ಚು ಕಡಿಮೆ ಅದೇ. ವರ್ಷಕ್ಕೆ ಎರಡು. ಜೂನ್‌ಟೀನ್ತಿಗೆ ಒಂದು ಹಾಕಿದರೆ ಗಣೇಶನಿಗೋ ದೀಪಾವಳಿಗೋ ಕತ್ತರಿ.

ನಿಜ ಹೇಳಬೇಕೆಂದರೆ ಇಷ್ಟು ವರ್ಷ ನಾನು ಆ ದಿನ ಸುಮ್ನೆ ಲಾಗಿನ್ ಆಗಿ ಕೆಲಸ ಮಾಡಿಕೊಂಡಿದ್ದೆ. ಎರಡೂ ರಜೆ ನಮ್ಮ ಹಬ್ಬಗಳಿಗೇ. ಈ ಸಲ ಪಕ್ಕದ ಸೀಟಿನ ಸಹೋದ್ಯೋಗಿ "ನಮ್ಮೂರಿಗೆ ಬಾ, ಎಲ್ಲ ತೋರಿಸುತ್ತೇನೆ" ಎಂದು ಕರೆದರು. ಅವರ ಊರು ಗ್ಯಾಲ್ವೆಸ್ಟನ್. ಜೂನ್‌ಟೀನ್ತ್ ಶುರುವಾಗಿದ್ದೇ ಅಲ್ಲಿ. ನನಗಿಂತ ಹದಿನೈದು ವರ್ಷ ದೊಡ್ಡವರು ಕರೆದಾಗ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಆ್ಯಪ್ ತೆರೆದೆ. ಜುಲೈ 4ರ, ಅಮೆರಿಕದ ಸ್ವಾತಂತ್ರ್ಯ ದಿನದ ಚೌಕ ತಾನಾಗಿ ಹಸಿರು. ಜೂನ್ 19 ಬರೀ ಬಿಳಿ. ಒತ್ತಿದರೆ ಕಾರಣ ಕೇಳುತ್ತದೆ. ಮೂರೇ ಕಾರಣ: ಧಾರ್ಮಿಕ, ವೈಯಕ್ತಿಕ, ಇತರೆ. ಗಣೇಶನಿಗೆ ಕಣ್ಣು ಮುಚ್ಚಿಕೊಂಡು 'ಧಾರ್ಮಿಕ' ಒತ್ತುತ್ತಿದ್ದೆ. ಇದಕ್ಕೆ ಯಾವುದು? ಪಕ್ಕಕ್ಕೆ ತಿರುಗಿ ಕೇಳಿದೆ. ಅವರು ತಮ್ಮ ಫೋನ್ ನನ್ನ ಕಡೆ ಹಿಡಿದರು.

"ನಮ್ಮ ಮುತ್ತಜ್ಜಿಯ ಅಮ್ಮ ಬಿಡುಗಡೆಯಾದ ದಿನ ಇಲ್ಲಿ 'ಇತರೆ'. ಅದನ್ನೇ ಒತ್ತು."

ಒತ್ತಿದೆ. ಟಣ್ ಅಂತು.

ಗುರುವಾರ ಬೆಳಗ್ಗೆ ಚಿತ್ರಾನ್ನದ ಡಬ್ಬಿ ಹಿಡಿದು ಹೊರಟೆ. ಸೇತುವೆ ದಾಟಿ ದ್ವೀಪಕ್ಕೆ ಕಾಲಿಟ್ಟರೆ ಮಂಗಳೂರಿನ ಮೇ ತಿಂಗಳ ಸೆಕೆ. 22ನೇ ರಸ್ತೆ ಮತ್ತು ಸ್ಟ್ರ್ಯಾಂಡ್ ಬೀದಿ ಕೂಡುವಲ್ಲಿ 5,000 ಚದರ ಅಡಿಯ ಗೋಡೆ ಚಿತ್ರ ಇದೆ. ರೆಜಿನಾಲ್ಡ್ ಆಡಮ್ಸ್ ಮತ್ತು ತಂಡ 2021ರಲ್ಲಿ ಬಿಡಿಸಿದ್ದು. ಅಧ್ಯಕ್ಷ ಲಿಂಕನ್, ಗುಲಾಮರನ್ನು ತಪ್ಪಿಸಿ ಕರೆತಂದ ಹ್ಯಾರಿಯೆಟ್ ಟಬ್ಮನ್, ಕಪ್ಪು ಸೈನಿಕರು, ಕೊನೆಗೆ ಒಬ್ಬ ಗಗನಯಾತ್ರಿ ಕೂಡ. ಟಿಕೆಟ್ ಇಲ್ಲ. ನೆರಳೂ ಇಲ್ಲ, ಟೋಪಿ ತನ್ನಿ.

ಅಲ್ಲೇ ಹಿಂದೆ ಆಸ್ಟರ್‌ಮನ್ ಕಟ್ಟಡ ಇತ್ತು. 1865ರ ಜೂನ್ 19ರಂದು ಉತ್ತರದ ಸೈನ್ಯದ ಜನರಲ್ ಗಾರ್ಡನ್ ಗ್ರೇಂಜರ್ ಹೊರಡಿಸಿದ ಮೂರನೇ ನಂಬರಿನ ಆದೇಶದ ಜಾಗ ಅದು. ಗುಲಾಮರ ಬಿಡುಗಡೆ ಸಾರಿದ ಲಿಂಕನ್ ಘೋಷಣೆ ಜಾರಿಗೆ ಬಂದಿದ್ದು 1863ರ ಜನವರಿ 1ಕ್ಕೆ. ಆದರೆ ಅದನ್ನು ನಡೆಸಿಕೊಡಲು ಟೆಕ್ಸಾಸ್‌ನಲ್ಲಿ, ಅಂತರ್ಯುದ್ಧದಲ್ಲಿ ಲಿಂಕನ್ ಕಡೆಯದಾದ ಉತ್ತರದ ಸೈನ್ಯ ಸಾಕಷ್ಟು ಇರಲಿಲ್ಲ. ಹಾಗಾಗಿ ಸುಮಾರು ಎರಡೂವರೆ ಲಕ್ಷ ಜನ ಇನ್ನೂ ಎರಡೂವರೆ ವರ್ಷ ಗುಲಾಮರಾಗಿಯೇ ದುಡಿದರು.

ಬಿಸಿಲಲ್ಲಿ ನಿಂತು ಫೋನಿನಲ್ಲಿ ಆ ಆದೇಶ ಓದಿದೆ. ಚಿಕ್ಕದು. ಎಲ್ಲ ಗುಲಾಮರೂ ಸ್ವತಂತ್ರರು ಅನ್ನುತ್ತದೆ. ಇನ್ನು ಮೇಲೆ ಅವರದ್ದು ಕೆಲಸ ಕೊಡುವವರು, ಕೂಲಿಗೆ ದುಡಿಯುವವರು ಎಂಬ ಸಂಬಂಧ ಅನ್ನುತ್ತದೆ. ಇಲ್ಲಿಯವರೆಗೆ ಸರಿ. ಆಮೇಲೆ, ಇದ್ದ ಜಾಗದಲ್ಲೇ ಗಲಾಟೆ ಮಾಡದೆ ಇದ್ದು ಸಂಬಳಕ್ಕೆ ಕೆಲಸ ಮಾಡಿ, ಸುಮ್ಮನೆ ಕೂತವರನ್ನು ಸಾಕುವುದಿಲ್ಲ ಅಂತ ಬುದ್ಧಿವಾದ! ತಲೆತಲಾಂತರದಿಂದ ಪುಕ್ಕಟೆ ದುಡಿದವರಿಗೆ. ನಾನು ಅಕೌಂಟ್ಸ್‌ನವಳು, ಕಣ್ಣು ಮೊದಲು ಹೋಗುವುದೇ ಬಾಕಿಯ ಕಡೆ. ಎರಡು ಸಲ ಓದಿದೆ. ಹಿಂಬಾಕಿ ಬಗ್ಗೆ ಒಂದಕ್ಷರ ಇಲ್ಲ.

ಮಧ್ಯಾಹ್ನ ಅವರ ಅಕ್ಕನ ಹಿತ್ತಲಲ್ಲಿ ಊಟ. ಕೆಂಪು ಸೋಡಾ, ಕಲ್ಲಂಗಡಿ, ಕೆಂಪು ಕೇಕು. ಸುರಿದ ರಕ್ತದ ನೆನಪಿಗೆ ಕೆಂಪು ಅಂತ ಹೇಳಿದರು. ಅದರ ನಡುವೆ ನನ್ನ ಹಳದಿ ಚಿತ್ರಾನ್ನ! ಮಕ್ಕಳು ಶೇಂಗಾ ಮಾತ್ರ ಆರಿಸಿ ತಿಂದರು. ಬಾರ್ಬೆಕ್ಯೂ ಬಗ್ಗೆ ನನ್ನನ್ನು ಕೇಳಬೇಡಿ, ನಾನು ಸಸ್ಯಾಹಾರಿ. ವಾಸನೆ ಬಗ್ಗೆ ಕೇಳಿದರೆ ಐದು ಸ್ಟಾರ್. ಅವರ ತಮ್ಮ ಬಂದಿರಲಿಲ್ಲ. ರಾಜ್ಯ ಸರ್ಕಾರದ ಕೆಲಸ, ಅವತ್ತು ಅವರ ಪಾಳಿ. 1980ರಲ್ಲೇ ಈ ದಿನಕ್ಕೆ ರಜೆ ಕೊಟ್ಟ ಮೊದಲ ರಾಜ್ಯ ಟೆಕ್ಸಾಸ್. ಆದರೆ ಅದು ಅರೆಬರೆ ರಜೆ. ಕೆಲಸ ನಡೆಯುವಷ್ಟು ಜನ ಕಚೇರಿಗೆ ಬರಲೇಬೇಕು. ಅದೇ ಅರೆಬರೆ ಪಟ್ಟಿಯಲ್ಲಿ ಜನವರಿ 19ರ ಕಾನ್ಫೆಡರೇಟ್ ವೀರರ ದಿನವೂ ಇದೆ. ಗುಲಾಮಗಿರಿ ಉಳಿಸಲು ಹೋರಾಡಿದವರಿಗೂ ಒಂದು ರಜೆ, ನೋಡಿ.

ಈಗ ಆ್ಯಪ್‌ಗೆ ಮೂರು ಸ್ಟಾರ್ ಕತ್ತರಿಸಿದ ಕಾರಣ. ಮುಂದಿನ ಸಂಬಳದ ಚೀಟಿಯಲ್ಲಿ 8 ಗಂಟೆ ಮಾಯ! ಹೆಲ್ಪ್‌ಡೆಸ್ಕ್ ಚಾಟ್‌ನಲ್ಲಿ ಕೇಳಿದರೆ, ನೀವು ಒತ್ತಿದ 'ಇತರೆ' ಅಂದರೆ ಸಂಬಳವಿಲ್ಲದ ರಜೆ ಅಂತ ಉತ್ತರ. ಕೆಳಗಿನ ಟಿಪ್ಪಣಿ ಜಾಗದಲ್ಲಿ 'ಫ್ಲೋಟಿಂಗ್' ಅಂತ ಬರೆದರೆ ಮಾತ್ರ ಸಂಬಳ ಬರುತ್ತದಂತೆ. ಇದನ್ನು ಆ್ಯಪ್‌ನಲ್ಲಿ ಎಲ್ಲೂ ಹೇಳಿಲ್ಲ. ಸಹೋದ್ಯೋಗಿಗೂ ಮೊದಲ ವರ್ಷ ಇದೇ ಆಗಿತ್ತಂತೆ. ನನಗೆ ಹೇಳಲು ಮರೆತೆ ಅಂತ ಹಣೆ ಚಚ್ಚಿಕೊಂಡರು. ಮೂರು ಇಮೇಲು, ಒಂದು ಸ್ಕ್ರೀನ್‌ಶಾಟು, ಎರಡು ಸಂಬಳ ದಾಟಿದ ಮೇಲೆ ಹಿಂಬಾಕಿ ಬಂತು.

ಉಳಿದ ಒಂದು ರಜೆ ದೀಪಾವಳಿಗೆ ಇಟ್ಟೆ. ಆಗಸ್ಟ್ 27, ಬುಧವಾರ, ಗಣೇಶನ ಹಬ್ಬಕ್ಕೆ ಐದು ಗಂಟೆಗೆ ಎದ್ದು ಪೂಜೆ ಮುಗಿಸಿದೆ. ಎಂಟಕ್ಕೆ ಆಫೀಸಿನಲ್ಲಿದ್ದೆ. ಪಕ್ಕದ ಸೀಟಿಗೆ ನಾಲ್ಕು ಕಡುಬು ಹೋಯಿತು.

2026ರಲ್ಲಿ ಜೂನ್ 19 ಶುಕ್ರವಾರ. ಇಬ್ಬರೂ ಈಗಲೇ ರಜೆ ಹಾಕಿಟ್ಟಿದ್ದೇವೆ. ಕಾರಣದ ಪಟ್ಟಿ ಇನ್ನೂ ಮೂರೇ. ನೀವೂ ಇದೇ ಆ್ಯಪ್ ಬಳಸುತ್ತಿದ್ದರೆ ಟಿಪ್ಪಣಿ ಜಾಗ ಖಾಲಿ ಬಿಡಬೇಡಿ.