ಪೂರ್ತಿ ಎಚ್ಚರವಾಗದ ನಾಯಿಯನ್ನು ದಯವಿಟ್ಟು ಮನೆಗೆ ತರಬೇಡಿ

ಕ್ಲಿನಿಕ್ ಹೆಸರು ಹಾಕುವುದಿಲ್ಲ. ಮೈಸೂರಿನದು, ಅಷ್ಟು ಸಾಕು.

ನಮ್ಮ ಚಿನ್ನು 2 ವರ್ಷದ ಪಗ್. ಮರಿ ಆಗದ ಹಾಗೆ ಆಪರೇಷನ್ ಮಾಡಿಸಲು ಶನಿವಾರ ಬೆಳಿಗ್ಗೆ ಬಿಟ್ಟು ಬಂದೆವು. ರಕ್ತ ಪರೀಕ್ಷೆ ಬೇಡವಾ ಅಂತ ಕೇಳಿದ್ದೆ. "ಚಿಕ್ಕ ವಯಸ್ಸು ಮೇಡಂ, ಸುಮ್ನೆ ಯಾಕೆ ಖರ್ಚು" ಅಂದರು. ನಮ್ಮ ದುಡ್ಡು ಉಳಿಸುತ್ತಿದ್ದಾರೆ ಅಂದುಕೊಂಡೆ.

ಮಧ್ಯಾಹ್ನ ಫೋನ್ ಬಂತು. ಹೋದರೆ ಹುಡುಗನೊಬ್ಬ ಅವಳನ್ನು ಟವೆಲ್‌ನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಕಣ್ಣು ತೆರೆದೇ ಇತ್ತು, ನೋಟ ಇರಲಿಲ್ಲ. ಕುತ್ತಿಗೆ ಜೋತು ಬಿದ್ದಿತ್ತು. ಕಿವಿ ಮುಟ್ಟಿದರೆ ತಣ್ಣಗೆ. "ಇನ್ನೂ ಎದ್ದೇ ಇಲ್ವಲ್ಲ?" ಅಂದೆ. "ಮಂಪರು ಇಳಿಯೋಕೆ ಟೈಮ್ ಬೇಕು ಮೇಡಂ, ಮನೇಲಿ ಮಲಗಿಸಿ, ಸಂಜೆ ಓಡಾಡ್ತಾಳೆ." ಉಸಿರು ಗೊರಗೊರ ಅಂತಿದೆಯಲ್ಲ ಅಂದರೆ, "ಪಗ್ ಅಲ್ವಾ, ಗೊರಕೆ ಹೊಡಿಯುತ್ತೆ." ನಂಬಿದೆ. ಬಿಲ್ ಕಟ್ಟಿದೆ. ಆ ಹುಡುಗನ ಕೈಗೆ 200 ರೂಪಾಯಿ ಬೇರೆ ಇಟ್ಟು ಥ್ಯಾಂಕ್ಸ್ ಹೇಳಿದೆ. ಥ್ಯಾಂಕ್ಸ್! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆಟೋದಲ್ಲಿ ನಾಲಿಗೆ ನೀಲಿಗೆ ತಿರುಗಿತು. ದಾರಿಯಲ್ಲಿದ್ದ ಇನ್ನೊಂದು ಆಸ್ಪತ್ರೆಗೆ ನುಗ್ಗಿದೆವು. ಅಲ್ಲಿನ ನರ್ಸ್ ಒಂದು ಮಾತೂ ಆಡದೆ ಅವಳನ್ನು ಎದೆ ಕೆಳಗೆ ಮಾಡಿ ಮಲಗಿಸಿ, ಕುತ್ತಿಗೆ ಚಾಚಿ, ನಾಲಿಗೆ ಮುಂದಕ್ಕೆ ಎಳೆದು ಆಕ್ಸಿಜನ್ ಹಿಡಿದರು. ಥರ್ಮಾಮೀಟರ್ ಇಟ್ಟರೆ 95 ಡಿಗ್ರಿ. ನಾಯಿಗೆ 101-102 ಇರಬೇಕು. ಕಂಬಳಿ ಹೊದಿಸಿ ರಾತ್ರಿ 9ರವರೆಗೆ ಪಕ್ಕದಲ್ಲೇ ಕೂತಿದ್ದರು. ಮೊಂಡು ಮೂಗಿನ ನಾಯಿಗೆ ಉಸಿರಿನ ದಾರಿಯೇ ಕಿರಿದು, ಚೆನ್ನಾಗಿ ಎಚ್ಚರವಾಗುವ ತನಕ ಆಪರೇಷನ್‌ಗೆ ಮುಂಚೆ ಉಸಿರಾಟಕ್ಕೆಂದು ಗಂಟಲಿಗೆ ಹಾಕಿದ ಟ್ಯೂಬ್ ತೆಗೆಯಬಾರದು ಅಂತ ಅವರೇ ಹೇಳಿದರು. 2008ರಲ್ಲಿ ಪ್ರಕಟವಾದ ಬ್ರಿಟನ್‌ನ ಅಧ್ಯಯನವೊಂದರ ಪ್ರಕಾರ, ಅರಿವಳಿಕೆಯಿಂದ ಸತ್ತ ನಾಯಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಸತ್ತಿದ್ದು ಆಪರೇಷನ್ ಮುಗಿದ ಮೇಲೆ. ಅದರಲ್ಲೂ ಮೊದಲ 3 ಗಂಟೆಯೇ ಜಾಸ್ತಿ ಅಪಾಯ. ಆ 3 ಗಂಟೆಯನ್ನೇ ನನ್ನ ಮಡಿಲಿಗೆ ಹಾಕಿ ಕಳಿಸಿದ್ದರು.

ಮಾರನೇ ದಿನ ಆಪರೇಷನ್ ಮಾಡಿದ ಕ್ಲಿನಿಕ್‌ಗೆ ಫೋನ್ ಮಾಡಿದೆ. "ನಿಮ್ಮ ನಾಯಿ ವೀಕ್ ಇತ್ತು." ಪರೀಕ್ಷೆಯೇ ಬೇಡ ಅಂದವರಿಗೆ ವೀಕ್ ಅಂತ ಹೇಗೆ ಗೊತ್ತಾಯಿತು? "ಫಾರ್ಮ್‌ಗೆ ನೀವೇ ಸಹಿ ಹಾಕಿದ್ದೀರಲ್ವಾ?" ಆಪರೇಷನ್ ಆಗುವಾಗ ಉಸಿರು, ಎದೆಬಡಿತ ಬರೆದಿಟ್ಟ ಹಾಳೆ ಕೊಡಿ ಅಂದೆ. "ಅದೆಲ್ಲ ಮನುಷ್ಯರ ಆಸ್ಪತ್ರೇಲಿ ಮೇಡಂ." ಹಾಳೆಯೇ ಇಲ್ಲ! ಯಾರೂ ನೋಡಿಯೇ ಇಲ್ಲ!

ಬಿಟ್ಟು ಬರುವ ಮೊದಲೇ ಕೇಳಿ: ಡಾಕ್ಟರ್ ಹೊಲಿಗೆ ಹಾಕುವಾಗ ಉಸಿರು ನೋಡುವವರು ಯಾರು? ಉತ್ತರ ತಡವರಿಸಿದರೆ ಎದ್ದು ಬನ್ನಿ. ಆಪರೇಷನ್ ಆದ ಮೇಲೆ, ತಾನೇ ತಲೆ ಎತ್ತಿ ಕೂರುವವರೆಗೆ ಕರೆತರಬೇಡಿ. ಬಾಗಿಲು ಹಾಕುವ ಹೊತ್ತಾಯಿತು ಅಂದರೂ ಅಲ್ಲೇ ಕೂತುಬಿಡಿ.